ಬೇಲಿ ಹಾರಿದ ತಾಯಿ

ಕಳೆದ ವರ್ಷ ಗ್ರೀಕ್ ನಾಗರಿಕತೆಯ ಪಾಠ ಮುಗಿಸುವಾಗ ನಮ್ಮ ಇತಿಹಾಸ ಉಪನ್ಯಾಸಕರು ಒಂದು ಮಾತು ಹೇಳಿದ್ದರು. ಪ್ರಾಚೀನ ಒಲಿಂಪಿಕ್ಸ್ ಮೈದಾನಕ್ಕೆ ಮದುವೆಯಾದ ಹೆಂಗಸರು ಕಾಲಿಡುವಂತಿರಲಿಲ್ಲ, ಆದರೂ ಒಬ್ಬಳು ಗಂಡಸಿನ ವೇಷ ಹಾಕಿಕೊಂಡು ಒಳಗೆ ಹೋಗಿದ್ದಳು ಎಂದು. ಅಷ್ಟರಲ್ಲಿ ಬೆಲ್ ಹೊಡೆಯಿತು. ಆ ಒಬ್ಬಳು ಯಾರು ಎಂಬ ಪ್ರಶ್ನೆ ಮಾತ್ರ ನನ್ನ ತಲೆಯಲ್ಲೇ ಉಳಿಯಿತು. ಆಮೇಲೆ ಹುಡುಕಿ ಓದಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಆಕೆಯ ಹೆಸರು ಕಲ್ಲಿಪಟೈರಾ. ಕೆಲವರು ಫೆರೆನಿಕೆ ಎಂದೂ ಕರೆದಿದ್ದಾರೆ. ಊರು ಗ್ರೀಸ್ ದೇಶದ ರೋಡ್ಸ್ ದ್ವೀಪ. ತಂದೆ ಡಯಾಗೊರಸ್ ಆ ಕಾಲದ ಹೆಸರಾಂತ ಬಾಕ್ಸರ್. ಕ್ರಿ.ಪೂ. 464ರ ಒಲಿಂಪಿಕ್ಸ್‌ನಲ್ಲಿ ಆತ ಗೆದ್ದಾಗ ಪಿಂಡಾರ್ ಎಂಬ ಮಹಾಕವಿ ಅವನ ಮೇಲೆ ಹಾಡು ಕಟ್ಟಿದ. ಆ ಹಾಡನ್ನು ರೋಡ್ಸ್‌ನ ಒಂದು ದೇವಾಲಯದಲ್ಲಿ ಚಿನ್ನದ ಅಕ್ಷರಗಳಲ್ಲಿ ಬರೆಸಿದ್ದರಂತೆ. ಇಂದಿಗೂ ರೋಡ್ಸ್‌ನ ವಿಮಾನ ನಿಲ್ದಾಣಕ್ಕೆ ಇರುವುದು ಡಯಾಗೊರಸ್‌ನ ಹೆಸರೇ.

ಅವನ ಮೂವರು ಗಂಡುಮಕ್ಕಳೂ ತಂದೆಗೆ ತಕ್ಕವರೇ. ಕ್ರಿ.ಪೂ. 448ರಲ್ಲಿ ಡಮಾಗೆಟಸ್ ಮತ್ತು ಅಕುಸಿಲಾಸ್ ಇಬ್ಬರೂ ಒಂದೇ ಕೂಟದಲ್ಲಿ ಗೆದ್ದರು. ಗೆದ್ದ ಮಕ್ಕಳು ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಮೈದಾನದ ಸುತ್ತ ಮೆರವಣಿಗೆ ಮಾಡಿದರು, ಜನ ಹೂ ಎರಚಿದರು ಎಂಬ ಕತೆ ಪ್ರಸಿದ್ಧ. ಮೂರನೆಯವನು ಡೋರಿಯಸ್. ಅವನು ಕ್ರಿ.ಪೂ. 432, 428 ಮತ್ತು 424ರಲ್ಲಿ ಸತತ ಮೂರು ಬಾರಿ ಗೆದ್ದ.

ಇಂಥ ಮನೆಯಲ್ಲಿ ಹುಟ್ಟಿ ಬೆಳೆದವಳು ಕಲ್ಲಿಪಟೈರಾ. ಅಪ್ಪ, ಅಣ್ಣತಮ್ಮಂದಿರು ಗೆದ್ದು ಬರುತ್ತಿದ್ದ ಆ ಮೈದಾನಕ್ಕೆ ಗೃಹಿಣಿಯಾದ ಮೇಲೆ ಆಕೆ ಹೋಗುವಂತಿರಲಿಲ್ಲ. ಇಲ್ಲಿ ನನಗೆ ಆಶ್ಚರ್ಯ ತಂದದ್ದು ಒಂದು ವಿಷಯ. ಮದುವೆಯಾಗದ ಹುಡುಗಿಯರಿಗೆ ಆ ನಿಷೇಧ ಇರಲಿಲ್ಲ. ಅಷ್ಟೇ ಅಲ್ಲ, ಒಲಿಂಪಿಯಾದಲ್ಲೇ ಹುಡುಗಿಯರಿಗಾಗಿ ನಾಲ್ಕು ವರ್ಷಕ್ಕೊಮ್ಮೆ ಪ್ರತ್ಯೇಕ ಓಟದ ಸ್ಪರ್ಧೆ ನಡೆಯುತ್ತಿತ್ತು. ಗೆದ್ದವಳಿಗೆ ಆಲಿವ್ ಎಲೆಯ ಕಿರೀಟವೂ ಸಿಗುತ್ತಿತ್ತು. ಮದುವೆಯಾದವರ ಪೈಕಿ ಗಂಡಸರ ಕೂಟವನ್ನು ನೋಡುವ ಹಕ್ಕು ಇದ್ದದ್ದು ಒಬ್ಬ ಪೂಜಾರಿಣಿಗೆ ಮಾತ್ರ. ಉಳಿದವರು ಆ ದಿನಗಳಲ್ಲಿ ಆಲ್ಫಿಯಸ್ ನದಿ ದಾಟಿ ಬಂದರೂ ಸಾಕು, ಟಿಪಾಯಿಯನ್ ಎಂಬ ಬೆಟ್ಟದ ಕಡಿದಾದ ಬಂಡೆಯ ಮೇಲಿಂದ ಕೆಳಗೆ ತಳ್ಳಬೇಕೆಂದು ಕಾನೂನಿತ್ತು.

ಕಲ್ಲಿಪಟೈರಾಳ ಗಂಡ ತೀರಿಕೊಂಡಿದ್ದ. ಮಗ ಪೈಸಿರೊಡಸ್ ಅಜ್ಜನಂತೆಯೇ ಬಾಕ್ಸಿಂಗ್ ಕಲಿತಿದ್ದ. ಬಾಲಕರ ವಿಭಾಗದಲ್ಲಿ ಅವನು ಸ್ಪರ್ಧಿಸಬೇಕು. ಆಗ ತಾಯಿ ಒಂದು ತೀರ್ಮಾನಕ್ಕೆ ಬಂದಳು. ತರಬೇತುದಾರನಂತೆ ಗಂಡಸಿನ ಉಡುಪು ತೊಟ್ಟು, ಮಗನನ್ನು ತಾನೇ ಒಲಿಂಪಿಯಾಕ್ಕೆ ಕರೆದುಕೊಂಡು ಹೊರಟಳು. ಇದು ಕ್ರಿ.ಪೂ. 5ನೇ ಶತಮಾನದ ಕೊನೆಯ ಭಾಗದಲ್ಲಿ ನಡೆದದ್ದು. ಆಕೆಯದು ಗಟ್ಟಿಮುಟ್ಟಾದ ಮೈಕಟ್ಟು, ಆದ್ದರಿಂದ ಮೊದಲಿಗೆ ಯಾರಿಗೂ ಅನುಮಾನ ಬರಲಿಲ್ಲ ಎಂದು ಹಳೆಯ ಲೇಖಕನೊಬ್ಬ ಬರೆದಿದ್ದಾನೆ. ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಒಲಿಂಪಿಕ್ ವೀರರ ಮನೆಯವಳಿಗೆ ಗೊತ್ತಿಲ್ಲದೆ ಇರಲು ಸಾಧ್ಯವೇ?

ಆಗಿನ ಬಾಕ್ಸಿಂಗ್‌ನಲ್ಲಿ ಈಗಿನಂತೆ ಸುತ್ತುಗಳೂ ಇಲ್ಲ, ಅಂಕಗಳೂ ಇಲ್ಲ. ಕೈಗೆ ಚರ್ಮದ ಪಟ್ಟಿ ಸುತ್ತಿಕೊಂಡು, ಒಬ್ಬ ಸೋಲೊಪ್ಪುವವರೆಗೆ ಅಥವಾ ಏಳಲಾರದಂತೆ ಬೀಳುವವರೆಗೆ ಹೊಡೆದಾಡಬೇಕು. ತರಬೇತುದಾರರನ್ನು ಬೇಲಿ ಹಾಕಿದ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಕಲ್ಲಿಪಟೈರಾ ಆ ಬೇಲಿಯೊಳಗೆ ನಿಂತು ಮಗನ ಹೋರಾಟ ನೋಡಿದಳು.

ಮಗ ಗೆದ್ದ. ಅಲ್ಲಿಯವರೆಗೆ ಎಲ್ಲವನ್ನೂ ತಡೆದುಕೊಂಡಿದ್ದ ತಾಯಿಗೆ ಆ ಕ್ಷಣ ತಡೆಯಲಾಗಲಿಲ್ಲ. ಬೇಲಿ ಹಾರಿ ಮಗನತ್ತ ಧಾವಿಸಿದಳು. ಹಾರುವಾಗ ಉಡುಪು ಸರಿದು ಆಕೆ ಹೆಣ್ಣೆಂಬುದು ಎಲ್ಲರಿಗೂ ತಿಳಿದುಹೋಯಿತು. ಭಯ ಆಕೆಯ ಗುಟ್ಟು ಬಿಟ್ಟುಕೊಡಲಿಲ್ಲ, ಸಂತೋಷ ಬಿಟ್ಟುಕೊಟ್ಟಿತು.

ತೀರ್ಪುಗಾರರು ಆಕೆಯನ್ನು ಬೆಟ್ಟದಿಂದ ತಳ್ಳಲಿಲ್ಲ. ತಂದೆ ವಿಜೇತ, ಸಹೋದರರು ವಿಜೇತರು, ಈಗ ಮಗನೂ ವಿಜೇತ. ಆ ಮನೆತನದ ಮೇಲಿನ ಗೌರವದಿಂದ ಆಕೆಯನ್ನು ಶಿಕ್ಷೆಯಿಲ್ಲದೆ ಬಿಟ್ಟರು. ಆದರೆ ಮರುಕೂಟಗಳಿಂದ ತರಬೇತುದಾರರು ಕೂಡ ಸ್ಪರ್ಧಿಗಳಂತೆ ಬರಿಮೈಯಲ್ಲೇ ಮೈದಾನಕ್ಕೆ ಬರಬೇಕೆಂದು ಹೊಸ ಕಾನೂನು ಮಾಡಿದರು. ಇನ್ನೊಬ್ಬ ತಾಯಿ ಹೀಗೆ ಒಳಗೆ ಬರಬಾರದಲ್ಲ!

ಐನೂರಕ್ಕೂ ಹೆಚ್ಚು ವರ್ಷಗಳ ನಂತರ ಪೌಸೇನಿಯಸ್ ಎಂಬ ಪ್ರವಾಸಿ ಇದನ್ನೆಲ್ಲ ಬರೆದಿಟ್ಟ. ಒಲಿಂಪಿಯಾದಲ್ಲಿ ಡಯಾಗೊರಸ್, ಅವನ ಮಕ್ಕಳು, ಮೊಮ್ಮಕ್ಕಳ ಪ್ರತಿಮೆಗಳನ್ನು ಅವನು ನೋಡಿದ್ದ. ಆ ಸಾಲಿನಲ್ಲಿ ಕಲ್ಲಿಪಟೈರಾಳ ಪ್ರತಿಮೆಯನ್ನು ಅವನು ಹೇಳುವುದಿಲ್ಲ.

ಈ ಕತೆ ಓದಿದಾಗ ಮೊದಲು ನನಗೆ ಖುಷಿಯಾಯಿತು. ಮತ್ತೆ ಯೋಚಿಸಿದಾಗ ಬೇಸರವಾಯಿತು. ಆಕೆಗೆ ಸಿಕ್ಕಿದ್ದು ಕ್ಷಮೆ, ಹಕ್ಕಲ್ಲ. ಆ ಕ್ಷಮೆಯೂ ಗಂಡಸರ ಹೆಸರಿನಿಂದ ಸಿಕ್ಕಿದ್ದು. ಅಪ್ಪ ಸಾಮಾನ್ಯ ರೈತನಾಗಿದ್ದರೆ, ಮಗ ಆ ದಿನ ಸೋತಿದ್ದರೆ ಆಕೆಯ ಗತಿಯೇನು? ಒಬ್ಬಳನ್ನು ಬಿಟ್ಟುಬಿಟ್ಟರು, ಬಾಗಿಲನ್ನು ಮಾತ್ರ ಇನ್ನಷ್ಟು ಬಿಗಿಯಾಗಿ ಮುಚ್ಚಿದರು.

ಆ ಬಾಗಿಲು ತೆರೆಯಲು ಬಹಳ ಕಾಲ ಹಿಡಿಯಿತು. ಆಧುನಿಕ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಮೊದಲು ಆಡಿದ್ದು 1900ರಲ್ಲಿ, ಪ್ಯಾರಿಸ್‌ನಲ್ಲಿ. ಕಲ್ಲಿಪಟೈರಾಳ ಮನೆಯ ಆಟವಾದ ಬಾಕ್ಸಿಂಗ್‌ನಲ್ಲಿ ಮಹಿಳೆಯರು ಪದಕಕ್ಕಾಗಿ ಸೆಣಸಿದ್ದು 2012ರಲ್ಲಿ, ಲಂಡನ್‌ನಲ್ಲಿ. ಅದೇ ಕೂಟದಲ್ಲಿ ನಮ್ಮ ಮೇರಿ ಕೋಮ್ ಕಂಚು ಗೆದ್ದರು. ಸೌದಿ ಅರೇಬಿಯಾ, ಕತಾರ್ ಮತ್ತು ಬ್ರೂನೈ ದೇಶಗಳ ಮಹಿಳೆಯರು ಮೊದಲ ಬಾರಿಗೆ ಒಲಿಂಪಿಕ್ಸ್‌ಗೆ ಬಂದದ್ದೂ ಆಗಲೇ. ನಿಜಾಮಾಬಾದ್‌ನ ನಿಖತ್ ಜರೀನ್ 2022ರಲ್ಲಿ ಬಾಕ್ಸಿಂಗ್ ವಿಶ್ವ ಚಾಂಪಿಯನ್ ಆದರು. ಇವರಲ್ಲಿ ಯಾರೂ ವೇಷ ಹಾಕಬೇಕಾಗಲಿಲ್ಲ.

ಕೊನೆಗೊಂದು ನನ್ನ ಮಾತು. ಹೈಸ್ಕೂಲಿನಲ್ಲಿ ನಾನು ಥ್ರೋಬಾಲ್ ತಂಡದಲ್ಲಿದ್ದೆ. ಪಂದ್ಯದ ದಿನ ಅಮ್ಮಿ ಮೈದಾನದ ಒಳಗೆ ಬರಲಿಲ್ಲ. ಯಾರೂ ತಡೆದಿರಲಿಲ್ಲ, ಅಲ್ಲೆಲ್ಲ ಗಂಡಸರೇ ಇದ್ದಾರೆ, ನೋಡಿದವರು ಏನೆನ್ನುತ್ತಾರೋ ಎಂಬ ಸಂಕೋಚ ಅಷ್ಟೇ. ಕಾಂಪೌಂಡಿನ ಆಚೆ ಮರದ ಕೆಳಗೆ ನಿಂತು ನೋಡಿದರು. ನಾವು ಗೆದ್ದಾಗ ಗೋಡೆಯ ಮೇಲಿಂದ ಒಂದು ಕೈ ಜೋರಾಗಿ ಬೀಸುತ್ತಿರುವುದು ಕಾಣಿಸಿತು. ಬಳೆ ನೋಡಿ ಅಮ್ಮಿಯೇ ಎಂದು ಗೊತ್ತಾಯಿತು.

ಈ ಸಲದ ಕ್ರೀಡಾಕೂಟಕ್ಕೆ ಅಮ್ಮಿಯನ್ನು ಕೈಹಿಡಿದು ಒಳಗೆ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತೇನೆ. ನೀವೂ ನಿಮ್ಮ ತಾಯಂದಿರನ್ನು ಕರೆತನ್ನಿ. ಅವರು ಗೋಡೆಯಾಚೆ ನಿಲ್ಲುವುದು ಬೇಡ.

– ದ್ವಿತೀಯ ಪಿಯುಸಿ, ಕಲಾ ವಿಭಾಗದ ವಿದ್ಯಾರ್ಥಿನಿ