ಜಾನ್ ವಾರನ್: ಮೈಸೂರಿನ ಪೂರ್ವಗಡಿಯ ನಕಾಶೆ ಮತ್ತು ಚಿನ್ನದ ನೆಲದ ದಾಖಲೆ

1

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಬರೆದವರೆಲ್ಲರೂ ಒಂದಲ್ಲ ಒಂದು ಹಂತದಲ್ಲಿ ಜಾನ್ ವಾರನ್‌ನ ಹೆಸರನ್ನು ಪ್ರಸ್ತಾಪಿಸುತ್ತಾರೆ. 1802ರಲ್ಲಿ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯುತ್ತಿದ್ದ ಈ ಸೇನಾಧಿಕಾರಿ ಉರಿಗಾಂ ಮತ್ತು ಮಾರಿಕುಪ್ಪಂಗಳಲ್ಲಿ ಚಿನ್ನವನ್ನು ಕಂಡುಹಿಡಿದನೆಂಬುದು ರೂಢಿಯ ಮಾತಾಗಿದೆ. ಜನಪ್ರಿಯ ಚರಿತ್ರೆಯಲ್ಲಿ ಆತನಿಗೆ ದೊರೆಯುವ ಸ್ಥಳವೂ ಇಷ್ಟೇ. ಆದರೆ ವಾರನ್ ಮೊದಲು ಭೂಮಾಪಕ, ಅನಂತರ ಖಗೋಳಜ್ಞ, ಕೊನೆಗೆ ದಕ್ಷಿಣ ಭಾರತದ ಕಾಲಗಣನೆಯ ಅಧ್ಯಯನಕಾರ. ಈ ಮೂರೂ ಕೆಲಸಗಳನ್ನು ಒಟ್ಟಾಗಿ ನೋಡಿದಾಗ ಕಂಡುಹಿಡಿದವನೆಂಬ ಬಿರುದು ಆತನಿಗೆ ಸಲ್ಲತಕ್ಕದ್ದಲ್ಲವೆಂಬುದೂ, ಅದಕ್ಕಿಂತ ಭಿನ್ನವಾದ ಇನ್ನೊಂದು ಗೌರವ ಸಲ್ಲಬೇಕೆಂಬುದೂ ಸ್ಪಷ್ಟವಾಗುತ್ತದೆ. ಹಳೆಯ ಭೂಪಟಗಳ ನೆರವಿನಿಂದ ಒಂದು ಗ್ರಾಮೀಣ ಪ್ರದೇಶದ ಪರಿವರ್ತನೆಯನ್ನು ಅಭ್ಯಸಿಸುವವರಿಗೆ ಈ ವ್ಯತ್ಯಾಸ ಮುಖ್ಯವಾದುದು. ನಕಾಶೆಯನ್ನು ಓದುವ ಮೊದಲು ಅದನ್ನು ಬರೆದವನು ಯಾರ ಮಾತನ್ನು ಕೇಳಿ ಬರೆದನೆಂಬುದನ್ನು ಅರಿಯಬೇಕಾಗುತ್ತದೆ.

2

ವಾರನ್ ಹುಟ್ಟಿನಿಂದ ಇಂಗ್ಲಿಷರವನಲ್ಲ. ಆತನ ಮೂಲ ಹೆಸರು ಜ್ಯಾಂ ಬತೀಸ್ತ್ ಫ್ರಾಂಸ್ವಾ ಜೋಸೆಫ್ ದ ವಾರನ್. ಐರಿಷ್ ಮೂಲದಿಂದ ಬಂದು ಫ್ರಾನ್ಸಿನಲ್ಲಿ ನೆಲೆನಿಂತಿದ್ದ ಶ್ರೀಮಂತ ಮನೆತನದಲ್ಲಿ ಆತ 1769ರಲ್ಲಿ ಇಟಲಿಯ ಲಿವೋರ್ನೊ ಬಂದರಿನಲ್ಲಿ ಜನಿಸಿದನು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ದಿಕ್ಕಾಪಾಲಾದ ಇಂತಹ ಅನೇಕ ಕುಟುಂಬಗಳ ತರುಣರು ಪರದೇಶಗಳ ಸೇನೆಗಳಲ್ಲಿ ಆಶ್ರಯ ಪಡೆದರು. ವಾರನ್ ಭಾರತಕ್ಕೆ ಬಂದು ಬ್ರಿಟಿಷ್ ಸೇನೆಯ 33ನೆಯ ಪದಾತಿದಳವನ್ನು ಸೇರಿದನು. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿಯ ದಳವೇ ಇದು. ದಕ್ಷಿಣ ಭಾರತದ ತ್ರಿಕೋನಮಾಪನಕ್ಕೆ ಅಡಿಗಲ್ಲು ಹಾಕಿದ ವಿಲಿಯಂ ಲ್ಯಾಂಬ್ಟನ್ ಕೂಡ ಇದೇ ದಳದವನು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಈ ದಳ ಪಾಲ್ಗೊಂಡಿತ್ತು.

ಟಿಪ್ಪುವಿನ ಪತನಾನಂತರ ಆತನ ರಾಜ್ಯವನ್ನು ಕಂಪನಿ, ನಿಜಾಮ ಹಾಗೂ ಮೈಸೂರಿನ ಒಡೆಯರ ನಡುವೆ ಹಂಚಲಾಯಿತು. ಒಡಂಬಡಿಕೆಯ ಕಾಗದದಲ್ಲಿ ಹೆಸರುಗಳ ಪಟ್ಟಿಯಾಗಿದ್ದ ಗಡಿಯನ್ನು ನೆಲದ ಮೇಲೆ ಗುರುತಿಸುವುದು ಅಗತ್ಯವಾಯಿತು. ಈ ಹೊಣೆ ಕಾಲಿನ್ ಮೆಕೆಂಜಿಯ ಮೈಸೂರು ಮೋಜಣಿಗೆ ಬಂದಿತು. ಕೈಫಿಯತ್ತುಗಳ ಮೂಲಕ ಕನ್ನಡ ವಿದ್ವಾಂಸರಿಗೆ ಚಿರಪರಿಚಿತನಾಗಿರುವ ಮೆಕೆಂಜಿ ಬೆಟ್ಟ, ಹೊಳೆ, ದಾರಿಗಳನ್ನು ಅಳೆಯಿಸಿದ್ದಷ್ಟೇ ಅಲ್ಲ, ಊರುಗಳ ಸ್ಥಿತಿಗತಿ, ಕೆರೆಕುಂಟೆ, ಬೆಳೆ, ಕಸುಬು, ಸ್ಥಳೀಯ ಚರಿತ್ರೆಗಳನ್ನೂ ಸಂಗ್ರಹಿಸಿದನು. ಈ ಮೋಜಣಿಯ ಸಹಾಯಕರಲ್ಲಿ ವಾರನ್ ಒಬ್ಬನು. ಭೂಮಾಪನವೆಂದರೆ ಸರಪಳಿ ಹಿಡಿದು ಅಳೆಯುವ ಕ್ರಿಯೆ ಮಾತ್ರವಲ್ಲ, ಊರವರನ್ನು ವಿಚಾರಿಸುವ ಕ್ರಿಯೆಯೂ ಹೌದೆಂಬ ಶಿಸ್ತು ಆತನಿಗೆ ದೊರೆತದ್ದು ಇಲ್ಲಿ.

3

ಆತನ ಪಾಲಿಗೆ ಬಂದ ಪೂರ್ವದ ಗಡಿ ಮೂರು ಭಾಷೆಗಳು ಸಂಧಿಸುವ ಪ್ರದೇಶ. ಹೈದರಾಲಿಯ ಜನ್ಮಸ್ಥಳವಾದ ಬೂದಿಕೋಟೆ, ತೆಲುಗಿನಲ್ಲಿ ಕೆಂಪು ಬೆಟ್ಟವೆಂಬ ಅರ್ಥದ ಎರ್ರಕೊಂಡ, ತಮಿಳಿನ ಕುಪ್ಪಂ ಪದವನ್ನು ಉತ್ತರಪದವಾಗಿ ಉಳ್ಳ ಮಾರಿಕುಪ್ಪಂ, ಪಾಲಾರ್ ನದಿಯ ಪ್ರಾಚೀನ ಕೆರೆಯಿಂದ ಹೆಸರಾದ ಬೇತಮಂಗಲ, ಇವೆಲ್ಲ ಕೆಲವೇ ಹರದಾರಿಗಳ ಅಂತರದಲ್ಲಿವೆ. 1802ರಲ್ಲಿ ಈ ಭಾಗದಲ್ಲಿ ಬಿಡಾರ ಹೂಡಿದ್ದ ವಾರನ್‌ನ ಕಿವಿಗೆ ಬೂದಿಕೋಟೆಯ ಪೂರ್ವಕ್ಕಿರುವ ಎರ್ರಕೊಂಡದ ಆಸುಪಾಸಿನ ಮಣ್ಣಿನಲ್ಲಿ ಚಿನ್ನವಿದೆಯೆಂಬ ವದಂತಿ ಬಿದ್ದಿತು. ಆತ ಅದನ್ನು ಕಟ್ಟುಕತೆಯೆಂದು ತಳ್ಳಿಹಾಕದೆ, ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಾಗಿ ಸಾರಿದನು. ಉರಿಗಾಂನ ನಿವಾಸಿಯೊಬ್ಬನು ಮುಂದೆ ಬಂದು ತನ್ನ ಊರಿನ ಮಗ್ಗುಲಲ್ಲೇ ಇರುವ ಸ್ಥಳವನ್ನು ತೋರಿಸಲು ಒಪ್ಪಿದನು.

ಅಲ್ಲಿ ವಾರನ್ ಕಂಡದ್ದು ಹೆಂಗಸರ ಕೆಲಸವನ್ನು. ಕಸಬರಿಗೆ, ಮೊರ, ನಡುವೆ ತಗ್ಗು ಮಾಡಿದ ಮರದ ಹಲಗೆ ಇಷ್ಟೇ ಅವರ ಸಲಕರಣೆ. ಅವರು ನೆಲವನ್ನು ಅಗೆಯುತ್ತಿರಲಿಲ್ಲ. ಹಳ್ಳದ ಮೇಲ್ಮಣ್ಣನ್ನು ಗುಡಿಸಿ ಮೊರಕ್ಕೆ ತುಂಬಿ, ದಪ್ಪ ಕಲ್ಲುಗಳನ್ನು ಆರಿಸಿ ಎಸೆದು, ಉಳಿದುದನ್ನು ಹಲಗೆಯ ಮೇಲೆ ಹಾಕಿ ನೀರಿನಲ್ಲಿ ಕೈಚಳಕದಿಂದ ಆಡಿಸುತ್ತಿದ್ದರು. ಹಗುರವಾದ ಮಣ್ಣು ತೇಲಿಹೋಗಿ ತಳದಲ್ಲಿ ಕಪ್ಪು ಮರಳೂ ಅದರೊಡನೆ ಹೊನ್ನಿನ ಕಣಗಳೂ ಉಳಿಯುತ್ತಿದ್ದವು. ಮಾರಿಕುಪ್ಪಂನಲ್ಲಿ ನಡೆಯುತ್ತಿದ್ದುದು ಇನ್ನೂ ಕಠಿಣವಾದ ಕೆಲಸ. ಅಸ್ಪೃಶ್ಯರೆಂದು ಊರ ಹೊರಗಿಡಲಾಗಿದ್ದ ಸಮುದಾಯದ ಗಂಡಸರು ಸುಮಾರು 30 ಮತ್ತು 45 ಅಡಿಗಳ ಆಳದ ಗುಂಡಿಗಳಿಗೆ ಇಳಿದು, ಇಕ್ಕಟ್ಟಾದ ಸುರಂಗಗಳಲ್ಲಿ ತೆವಳಿ ಕಲ್ಲನ್ನು ಒಡೆಯುತ್ತಿದ್ದರು. ಬುಟ್ಟಿಗಳಲ್ಲಿ ಕೈಯಿಂದ ಕೈಗೆ ದಾಟಿ ಮೇಲೆ ಬಂದ ಕಲ್ಲನ್ನು ಹೆಂಗಸರು ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಟಿಪ್ಪುವಿನ ಕಾಲದಲ್ಲಿ ಸರ್ಕಾರದ ವತಿಯಿಂದ ಇಲ್ಲಿ ಪ್ರಯತ್ನ ನಡೆದು, ಲಾಭ ಸಾಲದೆಂದು ಕೈಬಿಡಲಾಗಿತ್ತೆಂಬ ಸಂಗತಿಯೂ ವಾರನ್‌ಗೆ ತಿಳಿದುಬಂದಿತು.

ಹೀಗೆ ಆತ ಕಂಡುಹಿಡಿದದ್ದು ಏನೂ ಇಲ್ಲ. ಅದಾಗಲೇ ರೂಢಿಯಲ್ಲಿದ್ದ ಒಂದು ಕಸುಬನ್ನು ಆತ ಪ್ರತ್ಯಕ್ಷ ನೋಡಿದನು, ಪರೀಕ್ಷಿಸಿದನು, ಸಲಕರಣೆ, ಆಳ, ಪ್ರಮಾಣಗಳೊಂದಿಗೆ ಬರೆದಿಟ್ಟನು. ಗಡಿಯನ್ನು ಅಳೆಯಲು ಬಂದವನು ಗಡಿಯ ಜನರ ಅರಿವಿಗೂ ದಾಖಲೆಯಲ್ಲಿ ಎಡೆಮಾಡಿದನು. ಆದರೆ ಆ ದಾಖಲೆಯಲ್ಲಿ ಕೆಲಸವಿದೆ, ಕೆಲಸ ಮಾಡಿದವರ ಹೆಸರುಗಳಿಲ್ಲ.

4

ಮುಂದೆ ವಾರನ್ ಲ್ಯಾಂಬ್ಟನ್ನಿನ ತ್ರಿಕೋನಮಾಪನವನ್ನು ಸೇರಿದನು. ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿ 1802ರಲ್ಲಿ ಅಳೆದ ಆಧಾರರೇಖೆಯಿಂದ ತ್ರಿಕೋನಗಳ ಸರಣಿ ಪಶ್ಚಿಮಕ್ಕೆ ಸಾಗಿ ಮೈಸೂರು ಪ್ರಸ್ಥಭೂಮಿಯನ್ನು ಏರಿತು. ಈ ಲೆಕ್ಕಾಚಾರದ ನಿಖರತೆಯನ್ನು ಪರೀಕ್ಷಿಸುವ ಸಲುವಾಗಿ 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಹೆಚ್ಚು ಉದ್ದದ ಇನ್ನೊಂದು ಆಧಾರರೇಖೆಯನ್ನು ನೆಲದ ಮೇಲೆ ಅಳೆಯಲಾಯಿತು. ಅಳತೆಯ ಹೊಣೆ ಹೊತ್ತವನು ವಾರನ್. ತ್ರಿಕೋನಗಳ ಮೂಲಕ ಗಣಿಸಿದ ಉದ್ದಕ್ಕೂ ಸರಪಳಿಯಿಂದ ಅಳೆದ ಉದ್ದಕ್ಕೂ ಇದ್ದ ವ್ಯತ್ಯಾಸ ನಾಲ್ಕು ಅಂಗುಲಕ್ಕಿಂತ ಕಡಿಮೆ. ದಕ್ಷಿಣ ಭಾರತದ ಮುಂದಿನ ಎಲ್ಲ ನಕಾಶೆಗಳ ವಿಶ್ವಾಸಾರ್ಹತೆಗೆ ಇಂತಹ ಅಳತೆಗಳೇ ಬುನಾದಿಯಾದವು.

1805ರಲ್ಲಿ ಮದರಾಸು ವೀಕ್ಷಣಾಲಯದ ಖಗೋಳಜ್ಞ ಜಾನ್ ಗೋಲ್ಡಿಂಗ್‌ಹ್ಯಾಮ್ ರಜೆಯ ಮೇಲೆ ತೆರಳಿದಾಗ ಆತನ ಸ್ಥಾನದಲ್ಲಿ ವಾರನ್ ನೇಮಕಗೊಂಡು ಸುಮಾರು ಆರು ವರ್ಷ ಕಾರ್ಯನಿರ್ವಹಿಸಿದನು. 1807ರಲ್ಲಿ ಆತ ಮದರಾಸಿನ ರೇಖಾಂಶವನ್ನು ಮರುಗಣಿಸಿ ನಿರ್ಧರಿಸಿದ 80 ಡಿಗ್ರಿ 17 ಮಿನಿಟು 21 ಸೆಕೆಂಡು ಎಂಬ ಮೌಲ್ಯವನ್ನು ತ್ರಿಕೋನಮಾಪನ ಕೆಲವು ಕಾಲ ಬಳಸಿಕೊಂಡಿತು. 1807 ಮತ್ತು 1811ರ ಧೂಮಕೇತುಗಳನ್ನೂ ಆತ ವೀಕ್ಷಿಸಿದನು. ಪುದುಚೇರಿಯ ಸಮೀಪದ ತಿರುವಕ್ಕರೈಯಲ್ಲಿರುವ ಕಲ್ಲಾದ ಮರಗಳನ್ನು ಕುರಿತ ಆತನ ಬರಹ ಏಷ್ಯಾಟಿಕ್ ಸೊಸೈಟಿಯ ಸಂಪುಟದಲ್ಲಿ 1810ರಲ್ಲಿ ಪ್ರಕಟವಾಯಿತು.

ನೆಪೋಲಿಯನ್ನಿನ ಪತನದ ಬಳಿಕ ಫ್ರಾನ್ಸಿನಲ್ಲಿ ರಾಜಪ್ರಭುತ್ವ ಮರುಸ್ಥಾಪನೆಯಾದಾಗ ವಾರನ್ ಸ್ವದೇಶಕ್ಕೆ ಹೋದನು. ಆದರೆ ಅಲ್ಲಿ ನಿಲ್ಲದೆ ಮರಳಿ ಬಂದು ಫ್ರೆಂಚರ ಪುದುಚೇರಿಯಲ್ಲಿ ನೆಲೆಸಿದನು. ಆತನ ಕೊನೆಯ ಮಹತ್ವದ ಕೃತಿ ಕಾಲಸಂಕಲಿತ ಇಲ್ಲಿನ ಅಧ್ಯಯನದ ಫಲ. ದಕ್ಷಿಣ ಭಾರತದ ಜನ ವರ್ಷ, ಮಾಸ, ತಿಥಿಗಳನ್ನು ಗಣಿಸುವ ವಿವಿಧ ಕ್ರಮಗಳನ್ನು ವಿವರಿಸುವ ಈ ಗ್ರಂಥ 1825ರಲ್ಲಿ ಮದರಾಸಿನ ಕಾಲೇಜಿನ ಮುದ್ರಣಾಲಯದಲ್ಲಿ ಅಚ್ಚಾಯಿತು. ದ್ರಾವಿಡ ಭಾಷೆಗಳ ಸ್ವತಂತ್ರ ಮೂಲವನ್ನು 1816ರಲ್ಲಿ ಪ್ರತಿಪಾದಿಸಿದ ಫ್ರಾನ್ಸಿಸ್ ಎಲ್ಲಿಸ್ ಕೆಲಸ ಮಾಡಿದ ಸೇಂಟ್ ಜಾರ್ಜ್ ಕೋಟೆಯ ಕಾಲೇಜೇ ಇದು.

ಕಾಲಸಂಕಲಿತದ ಒಂದು ಪ್ರಸಂಗವನ್ನು ಉರಿಗಾಂನ ಪ್ರಸಂಗದೊಡನೆ ಇಟ್ಟು ನೋಡಬೇಕು. ಪುದುಚೇರಿಯ ಪಂಚಾಂಗಕಾರನೊಬ್ಬನು ಕಾಗದ ಲೇಖನಿಗಳ ನೆರವಿಲ್ಲದೆ ಕವಡೆಗಳನ್ನು ನೆಲದ ಮೇಲೆ ಹರಡಿ, ಬಾಯಿಪಾಠವಾಗಿದ್ದ ಕೋಷ್ಟಕಗಳ ಬಲದಿಂದ 1825ರ ಒಂದು ಚಂದ್ರಗ್ರಹಣವನ್ನು ಗಣಿಸಿ ತೋರಿಸಿದನು. ಆ ಗಣಿತದ ಪ್ರತಿಯೊಂದು ಹೆಜ್ಜೆಯನ್ನೂ ವಾರನ್ ಬರೆದುಕೊಂಡನು. ಒಂದು ಶತಮಾನಕ್ಕೂ ಹೆಚ್ಚು ಕಾಲದ ಅನಂತರ, 1952ರಲ್ಲಿ, ಪ್ರಾಚೀನ ಗಣಿತ ಖಗೋಳಶಾಸ್ತ್ರಗಳ ಇತಿಹಾಸಕಾರ ಆಟೋ ನಾಯ್ಗೆಬಾವರ್ ತಮಿಳು ಖಗೋಳಶಾಸ್ತ್ರವನ್ನು ಕುರಿತು ಬರೆದಾಗ ಆತನಿಗೆ ಆಧಾರವಾದದ್ದು ಈ ದಾಖಲೆಯೇ. ಮಣ್ಣು ತೊಳೆಯುವ ಕೈಚಳಕವನ್ನು ಕಂಡ ಕಣ್ಣೇ ಕವಡೆಯ ಗಣಿತವನ್ನೂ ಕಂಡಿತು. ಎರಡೂ ಕಡೆ ವಾರನ್ ಶಿಷ್ಟ ಗ್ರಂಥಗಳನ್ನು ಬದಿಗಿಟ್ಟು ಬಲ್ಲವರ ಕೆಲಸದ ಮುಂದೆ ಕುಳಿತನು. ಭೇದವಿರುವುದು ಹೆಸರಿನಲ್ಲಿ. ಪಂಚಾಂಗಕಾರನ ಹೆಸರನ್ನು ಆತ ಬರೆದಿಟ್ಟನು. ಉರಿಗಾಂನ ಹೆಂಗಸರಿಗೂ ಮಾರಿಕುಪ್ಪಂನ ಗಣಿಗಾರರಿಗೂ ಆ ಮನ್ನಣೆ ದೊರೆಯಲಿಲ್ಲ. ವಿದ್ಯೆಯೆಂದು ಯಾವುದನ್ನು ಕರೆಯಬೇಕು, ಕೂಲಿಯೆಂದು ಯಾವುದನ್ನು ಕರೆಯಬೇಕು ಎಂಬ ಕಾಲಮಾನದ ತಾರತಮ್ಯ ಈ ಸೂಕ್ಷ್ಮದೃಷ್ಟಿಯವನನ್ನೂ ಬಿಡಲಿಲ್ಲ.

1830ರಲ್ಲಿ ವಾರನ್ ಪುದುಚೇರಿಯಲ್ಲಿ ನಿಧನನಾದನು.

5

ಚಿನ್ನವನ್ನು ಕುರಿತ ಆತನ ಬರಹ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾದದ್ದು ಮರಣಾನಂತರ, 1834ರಲ್ಲಿ. ಹಲವು ದಶಕಗಳ ಕಾಲ ಅದರಿಂದ ದೊಡ್ಡ ಪರಿಣಾಮವೇನೂ ಆಗಲಿಲ್ಲ. ಈ ನಡುವೆ ಗುಂಡಿಗಳಲ್ಲಿ ಸಂಭವಿಸಿದ ಅಪಘಾತಗಳ ಕಾರಣದಿಂದ 1859ರಲ್ಲಿ ಊರವರ ಭೂಗತ ಗಣಿಗಾರಿಕೆಯನ್ನು ಸರ್ಕಾರ ನಿಷೇಧಿಸಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ ನೆಲೆಸಿದ್ದ ಮೈಕಲ್ ಲವೆಲ್ ಎಂಬ ನಿವೃತ್ತ ಸೈನಿಕನು ವಾರನ್‌ನ ವರದಿಯ ಜಾಡು ಹಿಡಿದು ಈ ಪ್ರದೇಶವನ್ನು ಶೋಧಿಸಿ, 1873ರಲ್ಲಿ ಅರ್ಜಿ ಸಲ್ಲಿಸಿ, 1875ರಲ್ಲಿ ಗಣಿ ತೋಡುವ ಹಕ್ಕನ್ನು ಪಡೆದನು. ಊರವರಿಗೆ ಮುಚ್ಚಿದ ನೆಲ ಹದಿನಾರು ವರ್ಷಗಳಲ್ಲಿ ಹೊರಗಿನವನಿಗೆ ತೆರೆಯಿತು. ಅವರ ಕೈಕೆಲಸವನ್ನು ನಂಬಿ ಬರೆದ ದಾಖಲೆಯೇ ಅವರನ್ನು ಆ ನೆಲದ ಕೂಲಿಗಳನ್ನಾಗಿ ಮಾಡಿದ ಉದ್ಯಮಕ್ಕೆ ದಾರಿ ತೋರಿಸಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಪ್ರವೇಶಿಸಿದ ಮೇಲೆ ಈ ಪ್ರದೇಶದ ರೂಪವೇ ಬದಲಾಯಿತು.

ಆ ಬದಲಾವಣೆಯನ್ನು ಓದಲು ಭೂಪಟಗಳಿಗಿಂತ ಉತ್ತಮವಾದ ಆಕರವಿಲ್ಲ. ಮೈಸೂರು ಮೋಜಣಿಯ ಕಾಲದಲ್ಲಿ ಇದು ಬೆಟ್ಟ, ಕೆರೆ, ಹಳ್ಳಿಗಳ ನಾಡು. 1864ರಲ್ಲಿ ಜೋಲಾರ್‌ಪೇಟೆಯಿಂದ ಬೆಂಗಳೂರು ದಂಡಿಗೆ ರೈಲುಮಾರ್ಗವಾದಾಗ ನಿಲ್ದಾಣದ ಸುತ್ತ ಒಂದು ಹೊಸ ಪೇಟೆ ಬೆಳೆಯಿತು. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಿನಿಂದ ಅದು ಬೌರಿಂಗ್‌ಪೇಟೆಯಾಯಿತು. ತಾಲ್ಲೂಕಿನ ಕೇಂದ್ರ ಬೇತಮಂಗಲದಿಂದ ಇಲ್ಲಿಗೆ ಸರಿಯಿತು. 1894ರಲ್ಲಿ ಇಲ್ಲಿಂದ ಮಾರಿಕುಪ್ಪಂವರೆಗೆ ಕವಲುಮಾರ್ಗ ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ತಲಪಿತು. ಕೃಷಿಗಾಗಿ ಕಟ್ಟಿದ ಬೇತಮಂಗಲದ ಕೆರೆ ಗಣಿನಗರಕ್ಕೆ ಕುಡಿಯುವ ನೀರನ್ನೂ ಒದಗಿಸಬೇಕಾಯಿತು. ರೆಸಿಡೆಂಟನಾಗಿದ್ದ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿನ ರಾಬರ್ಟ್‌ಸನ್‌ಪೇಟೆ ಹುಟ್ಟಿಕೊಂಡಿತು.

ಸ್ಥಳನಾಮಗಳ ಅಧ್ಯಯನಕ್ಕೂ ಇಲ್ಲೊಂದು ಎಚ್ಚರಿಕೆಯ ಮಾತಿದೆ. ಬೌರಿಂಗ್‌ಪೇಟೆಯೇ ಮುಂದೆ ಬಂಗಾರಪೇಟೆಯಾಯಿತು. ಹಳೆಯ ನಕಾಶೆಯನ್ನು ನೋಡದೆ ಇಂದಿನ ಹೆಸರನ್ನಷ್ಟೇ ನಿಷ್ಪತ್ತಿಗೆ ಒಳಪಡಿಸಿದವರು ಅಲ್ಲೊಂದು ಪ್ರಾಚೀನ ಬಂಗಾರದ ಪೇಟೆಯನ್ನು ಕಲ್ಪಿಸಿಕೊಳ್ಳುವ ಅಪಾಯವಿದೆ. ವಾಸ್ತವವಾಗಿ ಜನರ ನಾಲಗೆ ಪರಕೀಯ ಅಧಿಕಾರಿಯ ಹೆಸರನ್ನು ನೆರೆಯ ಗಣಿಯ ಲೋಹಕ್ಕೆ ಹೊಂದಿಸಿಕೊಂಡಿದೆ. ಬಂಗಾರಪೇಟೆಯನ್ನು ತೋರಿಸುವ 57 ಎಲ್/1 ಮತ್ತು ಗಣಿ ಪ್ರದೇಶವನ್ನು ತೋರಿಸುವ 57 ಎಲ್/5 ಎಂಬ ಭಾರತೀಯ ಸರ್ವೇಕ್ಷಣ ಇಲಾಖೆಯ ಅಕ್ಕಪಕ್ಕದ ಹಾಳೆಗಳನ್ನು ಜೋಡಿಸಿ, ಅವುಗಳ ಬೇರೆ ಬೇರೆ ಆವೃತ್ತಿಗಳನ್ನು ಕ್ರಮವಾಗಿ ಹೋಲಿಸಿದರೆ ರೈಲುಹಳಿ, ಕೆರೆ, ಹೆಸರುಗಳ ಈ ಪಲ್ಲಟವನ್ನು ಹೆಜ್ಜೆಹೆಜ್ಜೆಯಾಗಿ ಗುರುತಿಸಬಹುದು. ಪ್ರಕೃತಿದತ್ತ ಬೆಟ್ಟಗಳ ನಡುವೆ ಗಣಿಯ ತ್ಯಾಜ್ಯದಿಂದಾದ ಸಯನೈಡ್ ದಿಬ್ಬಗಳೂ ಈ ನೆಲದ ಏರಿಳಿತಗಳ ಭಾಗವಾಗಿವೆ.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಮೂರು ಕಿಲೋಮೀಟರಿಗೂ ಆಳವಾದ ಸುರಂಗಗಳು ಯಾವ ಸ್ಥಳಾಕೃತಿ ನಕಾಶೆಯಲ್ಲಿಯೂ ಕಾಣುವುದಿಲ್ಲ. ಅವುಗಳಲ್ಲಿ ದುಡಿದ ತಲೆಮಾರುಗಳೂ ಕಾಣುವುದಿಲ್ಲ. ನಕಾಶೆಯ ಈ ಮೌನವನ್ನು ತುಂಬಬಲ್ಲದ್ದು ನಕಾಶೆಯ ಜೊತೆಗೆ ಭೂಮಾಪಕ ಬರೆದಿಟ್ಟ ವಿವರಣೆ. ಆ ದೃಷ್ಟಿಯಿಂದ ವಾರನ್‌ನ ಕೊಡುಗೆ ಅಮೂಲ್ಯವಾದುದು. ಚಿನ್ನದ ಸಂಶೋಧಕನೆಂಬ ಪಟ್ಟವನ್ನು ಆತನಿಂದ ಕಳಚಿ ಉರಿಗಾಂ ಮಾರಿಕುಪ್ಪಂಗಳ ಹೆಸರಿಲ್ಲದ ಶ್ರಮಜೀವಿಗಳಿಗೆ ಸಲ್ಲಿಸುವುದರಿಂದ ಆತನ ಘನತೆಗೆ ಕುಂದುಂಟಾಗುವುದಿಲ್ಲ. ಅವರ ಪಾಲನ್ನು ಅವರಿಗೆ ಸಲ್ಲಿಸಲು ಇಂದು ಲಭ್ಯವಿರುವ ಮುಖ್ಯ ಸಾಕ್ಷ್ಯವೇ ಆತನ ಬರಹವಾಗಿದೆ.