ಯುಜೇನ್ ಕ್ರಿಸ್ತೋಫ್ ಎಂಬ ಬೈಸಿಕಲ್ಲು ಸವಾರನ ಚರಿತ್ರೆ

ಬೈಸಿಕಲ್ಲೆಂಬದು ನಮ್ಮ ಹಳ್ಳಿಗಳಲ್ಲಿ ಸಂತೆಗೂ ಶಾಲೆಗೂ ಹೋಗುವದಕ್ಕೆ ಉಪಯೋಗವಾಗುವ ವಾಹನವಾಗಿದೆ. ಆದರೆ ಯುರೋಪ್ ಖಂಡದಲ್ಲಿ ಅದನ್ನು ಪಂದ್ಯಕ್ಕಾಗಿ ಬಹು ದೂರದ ಮಾರ್ಗಗಳಲ್ಲಿ ಓಡಿಸಿ, ಅದರಿಂದಲೇ ಜೀವನವನ್ನು ಸಾಗಿಸುವವರು ನೂರು ವರುಷಗಳಿಗಿಂತ ಹಿಂದಿನಿಂದಲೂ ಇದ್ದಾರೆ. ಅಂಥವರಲ್ಲಿ ಫ್ರಾನ್ಸ್ ದೇಶದ ಯುಜೇನ್ ಕ್ರಿಸ್ತೋಫ್ ಎಂಬಾತನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇವೆ. ಎಲ್ಲಾ ಪಂದ್ಯಗಳಲ್ಲಿ ದೊಡ್ಡದಾದದ್ದನ್ನು ಆತನು ಒಮ್ಮೆಯಾದರೂ ಗೆಲ್ಲಲಿಲ್ಲ. ಆದಾಗ್ಯೂ ಗೆದ್ದವರಲ್ಲಿ ಅನೇಕರ ಹೆಸರುಗಳು ಮರೆತುಹೋಗಿರುವಾಗ ಆತನ ಹೆಸರು ಉಳಿದದೆ.

ಆತನು 1885ನೆಯ ಇಸವಿಯಲ್ಲಿ ಪ್ಯಾರಿಸ್ ಪಟ್ಟಣಕ್ಕೆ ಹೊಂದಿಕೊಂಡಿರುವ ಮಲಕಾಫ್ ಎಂಬ ಊರಿನಲ್ಲಿ ಹುಟ್ಟಿದನು. ಯೌವನದಲ್ಲಿ ಬೀಗ ಮಾಡುವ ಕಸಬನ್ನು ಕಲಿತು, ಕಬ್ಬಿಣವನ್ನು ಕಾಸುವದಕ್ಕೂ ಅರದಿಂದ ಉಜ್ಜುವದಕ್ಕೂ ಕೈಯನ್ನು ಪಳಗಿಸಿಕೊಂಡನು. ಈ ಕಸಬು ಮುಂದೆ ಯಾವ ಸಮಯದಲ್ಲಿ ಆತನಿಗೆ ಸಹಾಯವಾಯಿತೆಂಬದನ್ನು ವಾಚಕರು ನೋಡುವರು.

1910ರ ಏಪ್ರಿಲ್ ತಿಂಗಳಿನಲ್ಲಿ ಇಟಲಿ ದೇಶದ ಮಿಲಾನ್ ಪಟ್ಟಣದಿಂದ ಸಮುದ್ರತೀರದ ಸಾನ್ ರೆಮೋ ಊರಿನ ವರೆಗೆ ನಡೆದ ಪಂದ್ಯದಲ್ಲಿ ಆತನು ಓಡಿದನು. ಘಟ್ಟದ ಮೇಲೆ ಹಿಮವು ಬಹಳವಾಗಿ ಬಿದ್ದಿತ್ತು. ಆತನು ಚಳಿಯಿಂದ ಮರಗಟ್ಟಿ, ಒಂದು ಛತ್ರದಲ್ಲಿ ಬೆಂಕಿಯ ಬಳಿ ಮೈಯನ್ನು ಕಾಯಿಸಿಕೊಂಡು ತಿರಿಗಿ ಹೊರಟನು. ಬಹು ಮಂದಿ ನಡುವೆಯೇ ಬಿಟ್ಟುಬಿಟ್ಟರು. ಆತನು ಹನ್ನೆರಡು ತಾಸುಗಳಿಗಿಂತ ಹೆಚ್ಚು ಸವಾರಿಮಾಡಿ ಎಲ್ಲರಿಗಿಂತ ಮೊದಲು ಗುರಿಯನ್ನು ಮುಟ್ಟಿದನು. ಆ ಚಳಿಯಿಂದುಂಟಾದ ಬಾಧೆಯು ವಾಸಿಯಾಗುವದಕ್ಕೆ ಬಹು ಕಾಲ ಹಿಡಿಯಿತು.

ಟೂರ್ ದ ಫ್ರಾನ್ಸ್ ಎಂಬದು 1903ರಲ್ಲಿ ಪ್ರಾರಂಭವಾದ ಪಂದ್ಯ. ಅದರಲ್ಲಿ ಸವಾರರು ಅನೇಕ ದಿವಸಗಳ ವರೆಗೆ ಓಡಿ, ಕಡೆಗೆ ಪ್ಯಾರಿಸನ್ನು ಸೇರುತ್ತಿದ್ದರು. ಕ್ರಿಸ್ತೋಫನು 1912ರಲ್ಲಿ ಅದರಲ್ಲಿ ಎರಡನೆಯವನಾದನು. 1913ರಲ್ಲಿ ಪಿರೆನೀಸ್ ಪರ್ವತಗಳ ದಾರಿಗೆ ಬಂದಾಗ ಜಯವು ಆತನದೇ ಆಗುವದೆಂಬ ನಿರೀಕ್ಷೆ ಇತ್ತು. ಆದರೆ 2,115 ಮೀಟರ್ ಎತ್ತರವಾದ ತುರ್ಮಾಲೆ ಘಟ್ಟವನ್ನು ಹತ್ತಿ, ಆಚೆ ಕಡೆಗೆ ಇಳಿಯುವಾಗ ಮುಂದಿನ ಗಾಲಿಯನ್ನು ಹಿಡಿದಿರುವ ಕವೆಯು ಮುರಿದುಹೋಯಿತು.

ಆಗಿನ ಕಟ್ಟಳೆ ಬಹು ಕಠಿಣವಾಗಿತ್ತು. ಸವಾರನು ಬೇರೆ ಬೈಸಿಕಲ್ಲನ್ನು ತೆಗೆದುಕೊಳ್ಳಬಾರದು. ಮುರಿದದ್ದನ್ನು ಮತ್ತೊಬ್ಬರ ಕೈಸಹಾಯವಿಲ್ಲದೆ ತಾನೇ ಸರಿಮಾಡಬೇಕು. ಆತನು ಬೈಸಿಕಲ್ಲನ್ನು ಹೆಗಲ ಮೇಲೆ ಹೊತ್ತು, ಹತ್ತು ಕಿಲೋಮೀಟರುಗಳಷ್ಟು ದೂರ ನಡೆದು, ಸೇಂತ್ ಮರೀ ದ ಕಂಪಾನ್ ಎಂಬ ಹಳ್ಳಿಗೆ ಬಂದನು. ಹಿಂದೆ ಬಿದ್ದಿದ್ದ ಸವಾರರು ಒಬ್ಬೊಬ್ಬರಾಗಿ ಆತನನ್ನು ದಾಟಿಹೋದರು. ಹಳ್ಳಿಯ ಕಮ್ಮಾರನ ಕುಲುಮೆಯಲ್ಲಿ, ಪಂದ್ಯದ ಮೇಲ್ವಿಚಾರಕರು ನೋಡುತ್ತಿರಲಾಗಿ, ಕಬ್ಬಿಣವನ್ನು ತಾನೇ ಕಾಸಿ, ಬಡಿದು, ಕವೆಯನ್ನು ಬೆಸೆದನು. ಕಮ್ಮಾರನು ಕೆಲಸವನ್ನು ಬಾಯಿಂದ ಹೇಳಿಕೊಡಬಹುದಾಗಿತ್ತೇ ಹೊರತು ಕೈ ಹಾಕಕೂಡದಾಗಿತ್ತು. ಎರಡು ಕೈಗಳೂ ಕೆಲಸದಲ್ಲಿದ್ದದರಿಂದ ಒಬ್ಬ ಹುಡುಗನು ತಿದಿಯನ್ನು ಒತ್ತಿದನು. ಇದು ಪರಸಹಾಯವೆಂದು ಎಣಿಸಿ ಆತನ ಲೆಕ್ಕಕ್ಕೆ ಹತ್ತು ನಿಮಿಷಗಳನ್ನು ದಂಡವಾಗಿ ಸೇರಿಸಿದರು. ಬಳಿಕ ಅದನ್ನು ಮೂರಕ್ಕೆ ಇಳಿಸಿದರು.

ಈ ದಂಡವು ನ್ಯಾಯವೋ ಎಂದು ಯಾರಾದರೂ ಕೇಳಿಯಾರು. ಕಟ್ಟಳೆಯ ಅಕ್ಷರದಂತೆ ನ್ಯಾಯವೇ. ಆದರೆ ಸುಮಾರು ನಾಲ್ಕು ತಾಸುಗಳನ್ನು ಕಳಕೊಂಡಾತನ ಮೇಲೆ ಹುಡುಗನ ತಿದಿಯ ಲೆಕ್ಕವನ್ನೂ ಹೊರಿಸುವದು ಕನಿಕರವಿಲ್ಲದ ನ್ಯಾಯವೆಂದು ನಮಗೆ ತೋರುತ್ತದೆ. ಕ್ರಿಸ್ತೋಫನಾದರೋ ಪಂದ್ಯವನ್ನು ಬಿಟ್ಟುಹೋಗಲಿಲ್ಲ. ಉಳಿದ ಘಟ್ಟಗಳನ್ನು ಅದೇ ದಿವಸ ದಾಟಿ, ಪ್ಯಾರಿಸಿನ ವರೆಗೂ ಓಡಿ, ಏಳನೆಯವನಾದನು. ಬೆಲ್ಜಿಯಂ ದೇಶದ ಫಿಲಿಪ್ ತೀಸ್ ಜಯಹೊಂದಿದನು.

ಮಹಾಯುದ್ಧವು ಮುಗಿದ ಬಳಿಕ 1919ರಲ್ಲಿ ಪಂದ್ಯವು ತಿರಿಗಿ ನಡೆಯಿತು. ಎಲ್ಲರಿಗಿಂತ ಮುಂದಿರುವವನನ್ನು ಜನರು ಗುರುತಿಸುವಂತೆ ಹಳದಿ ಬಣ್ಣದ ಅಂಗಿಯನ್ನು ಕೊಡುವ ಪದ್ಧತಿಯು ಆ ವರುಷವೇ ಹುಟ್ಟಿತು. ಗ್ರೆನೋಬ್ಲ್ ಪಟ್ಟಣದಲ್ಲಿ ಅದನ್ನು ಮೊದಲು ತೊಟ್ಟಾತನು ಕ್ರಿಸ್ತೋಫನೇ. ಆದರೆ ಪ್ಯಾರಿಸು ಸಮೀಪಿಸಿದಾಗ, ಉತ್ತರದ ವಾಲನ್ಸಿಯೆನ್ ಪಟ್ಟಣದ ಹತ್ತಿರ, ಕವೆಯು ಮತ್ತೊಮ್ಮೆ ಮುರಿಯಿತು. ಒಂದು ತಾಸಿಗಿಂತ ಹೆಚ್ಚು ಕಾಲ ವ್ಯರ್ಥವಾಗಿ, ಕೈಗೆ ಬಂದಿದ್ದ ಜಯವು ಫಿರ್ಮಿನ್ ಲಾಂಬೋ ಎಂಬವನ ಪಾಲಾಯಿತು. ಕ್ರಿಸ್ತೋಫನು ಮೂರನೆಯವನಾದನು. ದೇಶದ ಜನರು ಮರುಗಿ, ತಮ್ಮ ತಮ್ಮ ಶಕ್ತಿಗನುಸಾರವಾಗಿ ಹಣವನ್ನು ಕಳುಹಿಸಿದರು. ಹೀಗೆ ಕೂಡಿದ ಮೊತ್ತವು 13,000 ಫ್ರಾಂಕುಗಳನ್ನು ಮೀರಿ, ಗೆದ್ದವನ ಬಹುಮಾನಕ್ಕಿಂತಲೂ ಹೆಚ್ಚಾಯಿತು.

1922ರಲ್ಲಿ, ಮೂವತ್ತೇಳು ವರುಷದವನಾಗಿದ್ದಾಗ, ಆಲ್ಪ್ಸ್ ಪರ್ವತದ ಗಾಲಿಬಿಯೇ ಘಟ್ಟದಲ್ಲಿ ಆತನಿಗೆ ಮೂರನೆಯ ಸಾರಿ ಅದೇ ಆಪತ್ತು ಬಂತು. ಆಗಲೂ ಆತನು ಪಂದ್ಯವನ್ನು ಮುಗಿಸಿದನು. ನಾಲ್ಕು ವರುಷಗಳಾದ ಮೇಲೆ ಪಂದ್ಯಗಳನ್ನು ಬಿಟ್ಟನು. 1970ರಲ್ಲಿ ಎಂಭತ್ತೈದು ವರುಷದವನಾಗಿ ತೀರಿಹೋದನು. ಸೇಂತ್ ಮರೀ ದ ಕಂಪಾನ್ ಹಳ್ಳಿಯಲ್ಲಿ ಆತನ ಸ್ಮರಣೆಗಾಗಿ ಫಲಕವನ್ನು ಇರಿಸಿದ್ದಾರೆ. 2014ರಲ್ಲಿ ಪ್ರತಿಮೆಯನ್ನೂ ನಿಲ್ಲಿಸಿದರು.

ನಮ್ಮಲ್ಲಿಯೂ ಬೆಳೆದ ಪೈರು ಕಣಕ್ಕೆ ಬರುವ ಮೊದಲೇ ಮಳೆಗೆ ಸಿಕ್ಕಿ ಹೋಗುವದುಂಟು. ಹಾಗೆ ನಷ್ಟಪಟ್ಟವನು ಮರುವರುಷ ನೇಗಿಲನ್ನು ಕಟ್ಟದಿದ್ದರೆ ನಷ್ಟವು ಇಮ್ಮಡಿಯಾಗುವದು. ಕ್ರಿಸ್ತೋಫನ ಕವೆ ಮೂರು ಸಾರಿ ಮುರಿಯಿತು. ಮೂರು ಸಾರಿಯೂ ಆತನು ಪಂದ್ಯದ ಕೊನೆಯನ್ನು ಮುಟ್ಟಿದನು. ಮಕ್ಕಳಿಗೆ ಕೈಕಸಬನ್ನು ಕಲಿಸುವದು ಹೀನವೆಂದು ನೆನಸುವ ತಂದೆತಾಯಿಗಳು ಆ ಕುಲುಮೆಯನ್ನು ಜ್ಞಾಪಕ ಮಾಡಿಕೊಳ್ಳಲಿ.