ವಿಜ್ಞಾನಕ್ಕೆ ಕನ್ನಡದ ದಾರಿ ತೆರೆದ ಬೆಳ್ಳಾವೆ ವೆಂಕಟನಾರಣಪ್ಪನವರು

ವಾರ್ಷಿಕೋತ್ಸವದ ಶುಭಸಂದರ್ಭದಲ್ಲಿ ಕನ್ನಡದ ಕವಿಗಳನ್ನೂ ಅರಸರನ್ನೂ ನೆನೆಯುವುದು ವಾಡಿಕೆ. ಈ ಸಲ ನಾವು ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನು ನೆನೆಯಬಯಸುತ್ತೇವೆ. ಅವರು ಕೈಗೊಂಡ ಕಾರ್ಯವು ನಾರಾಯಣಪೇಟೆ, ಮಖ್ತಲ, ಗದ್ವಾಲಗಳ ಕನ್ನಡ ಮಕ್ಕಳಿಗೆ ಅತ್ಯಂತ ಸಮೀಪವಾದುದು.

ಬೆಳ್ಳಾವೆ ವೆಂಕಟನಾರಣಪ್ಪನವರು ಹುಟ್ಟಿದ್ದು 1872ರಲ್ಲಿ. ತುಮಕೂರಿನ ಬಳಿಯ ಬೆಳ್ಳಾವೆ ಅವರ ಊರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಭೌತಶಾಸ್ತ್ರವನ್ನು ಬೋಧಿಸುತ್ತಿದ್ದರು. ಕಾಲೇಜಿನ ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಕಾಲವದು. ಇಂಗ್ಲಿಷ್ ಬಾರದವನಿಗೆ ವಿಜ್ಞಾನದ ಬಾಗಿಲು ಮುಚ್ಚಿತ್ತು. ಅದನ್ನು ತೆರೆಯಲೆಂದು ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು.

ಅದೇ 1918ರಲ್ಲಿ, ಅಂದು ನಮ್ಮ ಸೀಮೆಯನ್ನಾಳುತ್ತಿದ್ದ ನಿಜಾಮರ ಹೈದರಾಬಾದಿನಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ಅಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿ ಕಲಿಸಿದರು. ಅದಕ್ಕಾಗಿಯೇ ಅನುವಾದಶಾಲೆಯೊಂದಿದ್ದು, ಪುಸ್ತಕಗಳನ್ನೂ ಪಾರಿಭಾಷಿಕ ಪದಗಳನ್ನೂ ಸಿದ್ಧಗೊಳಿಸುತ್ತಿತ್ತು. ದೇಶಭಾಷೆಗೆ ವಿಜ್ಞಾನದ ಭಾರವನ್ನು ಹೊರುವ ಶಕ್ತಿಯಿದೆಯೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಉರ್ದುವಿಗೆ ಪ್ರಭುತ್ವದ ಬೆಂಬಲವಿತ್ತು. ಕನ್ನಡದ ಪತ್ರಿಕೆಗೆ ಕೆಲವರ ಶ್ರದ್ಧೆಯೇ ಬಂಡವಾಳ. ಎರಡು ವರ್ಷ ನಡೆದು ‘ವಿಜ್ಞಾನ’ವು ನಿಂತುಹೋಯಿತು.

ಪತ್ರಿಕೆ ನಿಂತರೂ ಅವರ ವ್ರತ ನಿಲ್ಲಲಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಕಾರ್ಯದರ್ಶಿಯಾಗಿ ದುಡಿದರು. ಪರಿಷತ್ತು 1931ರಲ್ಲಿ ಪ್ರಕಟಿಸಿದ ಪಂಪಭಾರತದ ಸಂಪಾದನೆಯಲ್ಲಿ ಶ್ರಮಿಸಿದರು. 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ವಿಜ್ಞಾನಿಗೆ ಹಳಗನ್ನಡವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಒಂದು ಶಬ್ದದ ನಿಜವಾದ ಅರ್ಥವನ್ನು ಅರಸುವ ಕಟ್ಟುನಿಟ್ಟು ಎರಡು ಕೆಲಸಗಳಿಗೂ ಒಂದೇ ಎಂದು ನಾವು ಭಾವಿಸುತ್ತೇವೆ. 1939ರಲ್ಲಿ, ಅರವತ್ತೇಳರ ಇಳಿವಯಸ್ಸಿನಲ್ಲಿ, ಅವರ ‘ಜೀವವಿಜ್ಞಾನ’ವು ಹೊರಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿಗಾಗಿಯೂ ಅವರು ದುಡಿದರು. ಅದು ಪ್ರಕಟವಾದದ್ದು 1946ರಲ್ಲಿ. ಅದನ್ನು ಕಾಣಲು ಅವರಿರಲಿಲ್ಲ, 1943ರಲ್ಲಿಯೇ ದಿವಂಗತರಾಗಿದ್ದರು.

ಗದ್ವಾಲ ತಾಲ್ಲೂಕು 1956ರಲ್ಲಿ ರಾಯಚೂರು ಜಿಲ್ಲೆಯಿಂದ ಅಗಲಿತು. ಗಡಿ ಸರಿದರೂ ಮನೆಮಾತು ಉಳಿಯಿತು. ಆದರೆ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಕಲಿತ ಮಗುವಿಗೆ ಕಾಲೇಜಿನಲ್ಲಿ ಅದೇ ವಿಷಯ ಇಂಗ್ಲಿಷಿನಲ್ಲಿ ಎದುರಾಗುತ್ತದೆ. ಗುರುತ್ವವನ್ನು ಬಲ್ಲ ಹುಡುಗಿ ಅದರ ಇಂಗ್ಲಿಷ್ ಹೆಸರನ್ನು ಅರಿಯದೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತುಬಿಡುತ್ತಾಳೆ. ಅವಳಲ್ಲಿ ಬುದ್ಧಿಗೆ ಕೊರತೆಯಿಲ್ಲ, ನಡುವೆ ಸೇತುವೆಯಿಲ್ಲ.

ಆ ಸೇತುವೆಯನ್ನು ನಾವೇ ಕಟ್ಟತೊಡಗಬಹುದು. ನಮ್ಮ ಮಗ್ಗದ ಮನೆಗಳಲ್ಲಿ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡುತ್ತದೆ. ಹತ್ತಿಯೂ ರೇಷ್ಮೆಯೂ ಬಣ್ಣವನ್ನು ಬೇರೆಬೇರೆ ರೀತಿಯಲ್ಲಿ ಹಿಡಿಯುವುದೇಕೆಂದು ಪ್ರಾಥಮಿಕ ಶಾಲೆಯ ಮಗು ಕೇಳಲಿ. ಪ್ರೌಢಶಾಲೆಯ ವಿದ್ಯಾರ್ಥಿಯು ಪ್ರತಿಯೊಂದು ಪಾರಿಭಾಷಿಕ ಪದವನ್ನೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಟ್ಟುಕೊಳ್ಳಲಿ. ಕಾಲೇಜು ಸೇರಿದ ನಮ್ಮ ತರುಣರು ರಜೆಯಲ್ಲಿ ಊರಿಗೆ ಬಂದಾಗ ಕಿರಿಯರಿಗೆ ಒಂದೆರಡು ಪಾಠ ಹೇಳಲಿ.

ತಾವು ಕಾಣದ ನಿಘಂಟಿಗಾಗಿ ದುಡಿದ ಆ ಹಿರಿಯರಿಗೆ ಇದಕ್ಕಿಂತ ಉಚಿತವಾದ ಕಾಣಿಕೆ ನಮಗೆ ತೋರದು.